ಚಪ್ಪಾಳೆ ಯಾರಿಗೆ?

ಈ ಸಲದ ರಾಜ್ಯೋತ್ಸವ ನಾಟಕದಲ್ಲಿ ಮಕ್ಕಳದ್ದು ಬರೀ ಅಭಿನಯ. ಮಾತೆಲ್ಲ ಪರದೆ ಹಿಂದಿನಿಂದ ದೊಡ್ಡವರದ್ದು. ನಮ್ಮ ಮಕ್ಕಳ ಕನ್ನಡ ಎಷ್ಟು ಅಂತ ನಿಮಗೇ ಗೊತ್ತಲ್ಲ. ತಾಲೀಮಿನಲ್ಲಿ ಮಂತ್ರಿ ಪಾತ್ರದ ಹುಡುಗ ಕೇಳಿದ: "ಅಂಕಲ್, ಚಪ್ಪಾಳೆ ನನಗಾ, ಹಿಂದೆ ಮಾತಾಡೋರಿಗಾ?"

ಇಟಲಿಯ ಈ ಟೊರಿನೊದಲ್ಲಿ ಕೇಳಬೇಕಾದ ಪ್ರಶ್ನೆಯೇ. ಪರದೇಶದ ನಟರಿಗೆ ಇಟಾಲಿಯನ್ ದನಿ ಕೊಟ್ಟ ಡಬ್ಬಿಂಗ್ ಕಲಾವಿದ ಫೆರುಚ್ಚೊ ಅಮೆಂದೋಲಾ ಹುಟ್ಟಿದ್ದು ಇದೇ ಊರಲ್ಲಿ, 1930ರಲ್ಲಿ. ಪರಭಾಷೆಯ ಮಾತು ಸಿನಿಮಾದಲ್ಲಿ ಕೇಳಿಸಕೂಡದು ಅಂತ ಇಲ್ಲಿನ ಸರ್ಕಾರ ಅಪ್ಪಣೆ ಹೊರಡಿಸಿದ್ದೂ ಅದೇ ವರ್ಷ. ಡಬ್ಬಿಂಗ್ ಬೇಡ ಅಂತ ಬೀದಿಗಿಳಿದ ನಾಡಿನವರು ನಾವು. ಬಂದು ಸೇರಿದ್ದು ಡಬ್ಬಿಂಗನ್ನೇ ಉಂಡು ಬೆಳೆದ ದೇಶಕ್ಕೆ!

ಅಮೆಂದೋಲಾ ಮನೆತನದಲ್ಲಿ ನಟರಿದ್ದರು. ರೊಸ್ಸೆಲ್ಲಿನಿಯವರ 1945ರ 'ರೋಮಾ ಚಿತ್ತಾ ಆಪೆರ್ತಾ' ಚಿತ್ರದ ಪುಟ್ಟ ಮಾರ್ಚೆಲ್ಲೊನ ದನಿ, ಹುಡುಗನಾಗಿದ್ದ ಇವರದ್ದೇ. ದೊಡ್ಡವರಾದ ಮೇಲೆ ಸಣ್ಣಪುಟ್ಟ ಪಾತ್ರಗಳು. ಮೊನಿಚೆಲ್ಲಿಯವರ 1959ರ ಯುದ್ಧದ ಚಿತ್ರದಲ್ಲಿ ಒಬ್ಬ ಸೈನಿಕ. ನಾಯಕನ ಮುಖವಲ್ಲ. ಆದರೆ ಆ ಗಂಟಲು! ಸ್ವಲ್ಪ ಒರಟು, ನಿದ್ದೆಗೆಟ್ಟವನ ಹಾಗೆ. ಹಾಲಿವುಡ್ಡಿನ ಡಿ ನೀರೊ, ಪಚಿನೊ, ಹಾಫ್‌ಮನ್, ಸ್ಟಲೋನ್ ನಾಲ್ವರೂ ಇಟಲಿಯಲ್ಲಿ ಹೆಚ್ಚಾಗಿ ಮಾತಾಡಿದ್ದು ಆ ಒಂದೇ ಗಂಟಲಿನಿಂದ. ನಾಲ್ವರಿಗೂ ಒಂದೇ ದನಿ ಅಂತ ಯಾರೂ ತಕರಾರು ತೆಗೆಯಲಿಲ್ಲ ನೋಡಿ. 1995ರ 'ಹೀಟ್' ಚಿತ್ರದಲ್ಲಿ ಡಿ ನೀರೊ, ಪಚಿನೊ ಎದುರುಬದುರು ಕೂತು ಕಾಫಿ ಕುಡಿಯುತ್ತಾರೆ. ತನ್ನ ಜೊತೆ ತಾನೇ ಮಾತಾಡಿಕೊಳ್ಳೋಕಾಗುತ್ತಾ? ಡಿ ನೀರೊ ಇವರ ಪಾಲಿಗೆ ಉಳಿದರು, ಪಚಿನೊ ಇನ್ನೊಬ್ಬ ನಟ ಜಾನ್‌ಕಾರ್ಲೊ ಜನ್ನೀನಿ ಪಾಲಾದರು. ಟಿವಿ ಧಾರಾವಾಹಿಗಳಿಗೆ ಬಂದ ಮೇಲೆ ಅಮೆಂದೋಲಾ ಮುಖವೂ ಮನೆಮನೆಗೆ ಪರಿಚಯವಾಯಿತು. 2001ರಲ್ಲಿ ರೋಮಿನಲ್ಲಿ ತೀರಿಕೊಂಡರು.

ನಮಗೂ ದನಿಯ ಹುಚ್ಚು ಕಡಿಮೆ ಇರಲಿಲ್ಲ. ರೇಡಿಯೋದಲ್ಲಿ ಸಿನಿಮಾದ ಮಾತು ಹಾಡು ಬರುವ ಹೊತ್ತಿಗೆ ನಮ್ಮಜ್ಜಿ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಕೂರುತ್ತಿದ್ದರು. ಕಲ್ಲು ಆರಿಸುವುದು ನೆಪ. ಪಕ್ಕದ ಮನೆಯವರೂ ಜಗಲಿಗೆ ಬರುತ್ತಿದ್ದರು. ಒಂದು ಕೆಮ್ಮು ಕೇಳಿಸಿದರೆ ಸಾಕು, "ಬಂದ ನೋಡು ಬಾಲಕೃಷ್ಣ, ಇನ್ನು ಆ ಮನೆ ಉದ್ಧಾರ ಆದ ಹಾಗೇ" ಅನ್ನುತ್ತಿದ್ದರು. ನರಸಿಂಹರಾಜು ಬಾಯಿ ತೆರೆಯೋ ಮೊದಲೇ ನಗು. ರಾಜ್‌ಕುಮಾರ್ ಹಾಡಿಗೆ ಪಿ.ಬಿ. ಶ್ರೀನಿವಾಸ್ ದನಿ ಅಂತ ನಾನು ಶಾಲೆಯಲ್ಲಿ ತಿಳಿದುಕೊಂಡು ಬಂದು ಹೇಳಿದರೆ ಅಜ್ಜಿ ಒಪ್ಪಲೇ ಇಲ್ಲ. "ಸುಮ್ನಿರೋ, ನಮಗೆ ಗೊತ್ತಾಗಲ್ವಾ?" ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿಯೇ ತಮ್ಮ ಮಾತು ಶುರು ಮಾಡುತ್ತಿದ್ದರಂತೆ. ಕತ್ತಲ ಕೋಣೆಯಲ್ಲಿ ಮೈಕ್ ಮುಂದೆ ನಿಂತ ಅಮೆಂದೋಲಾ ಮಾಡಿದ್ದೂ ಅದೇ ಅಲ್ವಾ? ಬೇರೆಯವರ ತುಟಿ ಕಾಯುವ ಕೆಲಸ.

ಆ ಹುಡುಗನಿಗೆ "ಇಬ್ಬರಿಗೂ" ಅಂದೆ. ಅವನಿಗೇನೂ ಸಮಾಧಾನವಾಗಲಿಲ್ಲ. ಹಿಂದೆ ಮಾತಾಡೋರು ಯಾರು ಅಂತ ಇನ್ನೂ ಗೊತ್ತಾಗಿಲ್ಲವಲ್ಲ, ಅದು ನನ್ನ ಚಿಂತೆ. ರಾಜ, ಸೂತ್ರಧಾರ, ಎರಡು ಅಜ್ಜಿ ಪಾತ್ರಗಳಿಗೆ ದನಿ ಬೇಕು. ನಟನೆ ಬರಬೇಕಾಗಿಲ್ಲ, ತಡವರಿಸದೆ ಓದಿದರೆ ಸಾಕು. ದಯವಿಟ್ಟು ಈ ವಾರವೇ ತಿಳಿಸಿ.

ಇನ್ನು ಗಡಿಬಿಡಿಯಲ್ಲಿ ಉಳಿದದ್ದು. ದೀಪಾವಳಿ ಊಟಕ್ಕೆ ಮನೆಗೊಂದು ಅಡುಗೆ. ಹೋದ ವರ್ಷ ಎಲ್ಲರೂ ಚಿತ್ರಾನ್ನವನ್ನೇ ತಂದಿದ್ದಿರಿ, ಈ ಸಲ ಮೊದಲೇ ಹೆಸರು ಬರೆಸಿ. ತಟ್ಟೆ ಲೋಟ ನಿಮ್ಮದೇ ಇರಲಿ. ಕನ್ನಡ ಕಲಿ ತರಗತಿ ಭಾನುವಾರದಿಂದ ಶನಿವಾರಕ್ಕೆ ಬದಲಾಗಿದೆ. ಪುಸ್ತಕ ಒಯ್ದವರು ಹಿಂದಿರುಗಿಸಿ. ಸದಸ್ಯತ್ವದ ದುಡ್ಡು ಬಾಕಿ ಇರುವವರನ್ನು ಇಲ್ಲಿ ಹೆಸರಿಸುವುದಿಲ್ಲ, ಖಜಾಂಚಿ ಫೋನ್ ಮಾಡುತ್ತಾರೆ. ಇಷ್ಟು ವರ್ಷ ಮೈಕು ಸ್ಪೀಕರು ನೋಡಿಕೊಂಡಿದ್ದ ಸಂಸಾರ ಮೈಸೂರಿಗೆ ವಾಪಸ್ ಹೊರಟಿದೆ. ಡಬ್ಬ ತುಂಬ ವೈರು ನಮ್ಮ ಮನೆಯಲ್ಲಿದೆ, ಯಾವುದು ಎಲ್ಲಿಗೆ ಅಂತ ಬಲ್ಲವರು ಒಂದು ಸಂಜೆ ಬನ್ನಿ. ಕಾಫಿ ಕೊಡುತ್ತೇನೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುವವರಾದರೆ ಮುಂದಿನ ಸಂಚಿಕೆಯ ಪುಟಗಳನ್ನೂ ಕೊಡುತ್ತೇನೆ.