ನವೆಂಬರ್ ಶೋಗಳಿಗೆ ಈಗಲೇ ಓಡಾಡಿ

ಬ್ಯಾಂಡ್ ಕಟ್ಟಿರುವ ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯುವುದಿಲ್ಲ, ತಿಂಗಳಿಡೀ ನಡೆಯುತ್ತದೆ. ಅಪಾರ್ಟ್‌ಮೆಂಟ್ ಸಂಘ, ಐಟಿ ಕಂಪನಿಗಳ ಕನ್ನಡ ಬಳಗ, ಏರಿಯಾ ಹುಡುಗರು, ಎಲ್ಲರೂ ಬ್ಯಾಂಡ್ ಹುಡುಕುತ್ತಾರೆ. ಅಕ್ಟೋಬರ್ ಕೊನೆಗೆ ಕೇಳಿದರೆ ಏನೂ ಸಿಗಲ್ಲ. ಆಗಸ್ಟ್‌ನಲ್ಲೇ ಮಾತಾಡಿ.

ಇಂದಿರಾನಗರ, ಕೋರಮಂಗಲದ ಪಬ್‌ಗಳಿಗೆ ಬರೆಯುವವರು ಬರೀ ಸ್ಟುಡಿಯೋ ರೆಕಾರ್ಡಿಂಗ್ ಕಳಿಸಬೇಡಿ. ಸ್ಟೇಜ್ ಮೇಲೆ ನೀವು ಹೇಗಿರುತ್ತೀರಿ ಅನ್ನುವುದು ಅವರಿಗೆ ಬೇಕು. ಜನರ ಚಪ್ಪಾಳೆ ಕೇಳಿಸುವ ಎರಡು ನಿಮಿಷದ ವಿಡಿಯೋ ಸಾಕು, ಫೋನ್‌ನಲ್ಲಿ ತೆಗೆದದ್ದಾದರೂ ಪರವಾಗಿಲ್ಲ. ಜೊತೆಗೆ ಎಷ್ಟು ಮೈಕ್, ಎಷ್ಟು ಡಿಐ ಬಾಕ್ಸ್ (ಗಿಟಾರ್, ಕೀಬೋರ್ಡನ್ನು ಸೌಂಡ್ ಸಿಸ್ಟಮ್‌ಗೆ ಜೋಡಿಸುವ ಪೆಟ್ಟಿಗೆ), ಡ್ರಮ್ಸ್ ಯಾರದ್ದು ಅಂತ ಒಂದೇ ಪುಟದಲ್ಲಿ ಬರೆದಿಡಿ. ಸೌಂಡ್ ಎಂಜಿನಿಯರ್‌ಗೆ ಕೆಲಸ ಸಲೀಸಾದರೆ ಮುಂದಿನ ಶೋಗೆ ಅವರೇ ನಿಮ್ಮ ಹೆಸರು ಹೇಳುತ್ತಾರೆ. ಇದನ್ನು ನಮ್ಮವರು ಲೆಕ್ಕಕ್ಕೇ ಇಡಲ್ಲ!

ಮಂಗಳವಾರ, ಬುಧವಾರ ಕೊಟ್ಟರೂ ಒಪ್ಪಿಕೊಳ್ಳಿ. ಹೊಸಬರಿಗೆ ಶನಿವಾರ ಯಾರು ಕೊಡುತ್ತಾರೆ, ಅಲ್ವಾ? ಆದರೆ ಸುಮ್ನೆ ಎಕ್ಸ್‌ಪೋಷರ್ ಅಂತ ಬಿಟ್ಟಿ ಹಾಡಬೇಡಿ. ಸಾಮಾನು ಸಾಗಿಸುವ ಖರ್ಚಾದರೂ ಕೇಳಿ, ಅರ್ಧ ಮುಂಗಡ ಇಸ್ಕೊಳ್ಳಿ. ಬಯಲಿನ ಶೋಗಳಲ್ಲಿ ರಾತ್ರಿ 10ಕ್ಕೆ ಮೈಕ್ ಬಂದ್, ಒಳ್ಳೆ ಹಾಡನ್ನು ಕೊನೆಗೆ ಇಟ್ಟುಕೊಂಡು ಕೂರಬೇಡಿ.

ನಿಮ್ಮ ಲೈವ್ ವಿಡಿಯೋ ಲಿಂಕ್ ಭಾನುವಾರದೊಳಗೆ ಇಲ್ಲಿ ಹಾಕಿ. ಸಂಘದವರು ಕೇಳಿದಾಗ ಎಲ್ಲರದ್ದೂ ಒಟ್ಟಿಗೆ ಕಳಿಸೋಣ.