ಆಕಾಶದ ಶಿಲುಬೆ ಬಿಡು, ಕಾರ್ಥೇಜಿಗೆ ಬಂದ ದುಡ್ಡು ನೋಡು

ಪ್ರೀತಿಯ ತಂಗಿ,

ಆದಿ ಕ್ರೈಸ್ತ ಸಭೆಯ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಮೊದಲ ಸಾಲಲ್ಲೇ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಯುದ್ಧಕ್ಕೆ ಮುಂಚೆ ಆಕಾಶದಲ್ಲಿ ಶಿಲುಬೆ ನೋಡುತ್ತಾನೆ, ಮೂರನೇ ಪ್ಯಾರಾ ಮುಗಿಯುವಷ್ಟರಲ್ಲಿ ಇಡೀ ರೋಮ್ ಸಾಮ್ರಾಜ್ಯ ಕ್ರೈಸ್ತವಾಗಿಬಿಡುತ್ತದೆ. ಅವನು ಗೆದ್ದ 312ರ ಆ ಯುದ್ಧಕ್ಕೂ, 392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹಳೇ ದೇವರುಗಳ ಪೂಜೆಯನ್ನೇ ನಿಷೇಧಿಸಿದ್ದಕ್ಕೂ ನಡುವೆ ಎಂಬತ್ತು ವರ್ಷ ಇದೆ. ನಿನ್ನ ಕಥೆ ಇರೋದು ಅಲ್ಲೇ.

ಮೊದಲು ಆ ಶಿಲುಬೆ ವಿಷಯ. ಘಟನೆಗೆ ಹತ್ತಿರದಲ್ಲೇ ಬರೆದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಹೇಳೋದು ಬರೀ ಒಂದು ಕನಸು: ಗುರಾಣಿಗಳ ಮೇಲೆ ಗುರುತು ಹಾಕಿಸು ಅಂತ ಕನಸಲ್ಲಿ ಅಪ್ಪಣೆಯಾಯಿತಂತೆ. ಹಗಲಲ್ಲೇ ಆಕಾಶದಲ್ಲಿ ಬೆಳಕಿನ ಶಿಲುಬೆ ಕಂಡಿತು, ಸೈನ್ಯವೆಲ್ಲಾ ನೋಡಿತು ಅನ್ನೋದು ಬಿಷಪ್ ಯುಸೀಬಿಯಸ್, ಚಕ್ರವರ್ತಿ ಕಾನ್‌ಸ್ಟಂಟೈನ್ ಸತ್ತ ಮೇಲೆ ಬರೆದ ಮಾತು. ಇನ್ನು ರೋಮಿನಲ್ಲಿ 315ರಲ್ಲಿ ನಿಲ್ಲಿಸಿದ ವಿಜಯ ಕಮಾನಿನ ಮೇಲೆ ದೈವಪ್ರೇರಣೆಯಿಂದ ಗೆದ್ದ ಅಂತಷ್ಟೇ ಇದೆ, ಯಾವ ದೇವರು ಅಂತ ಇಲ್ಲ. ಮೂರನ್ನೂ ಅಕ್ಕಪಕ್ಕ ಇಡು. ಚಕ್ರವರ್ತಿಯ ಸುತ್ತ ಕಥೆ ಹೇಗೆ ಬೆಳೆಯುತ್ತಾ ಹೋಯಿತು ಅಂತ ಓದುಗರು ತಾವೇ ನೋಡಲಿ.

ಇನ್ನೊಂದು ಮಾತು. ಕ್ರೈಸ್ತರು ಬೆಳೆದದ್ದೇ ಕಾನ್‌ಸ್ಟಂಟೈನ್‌ನಿಂದ ಅಂತ ಬರೆಯಬೇಡ. ಸುಮಾರು 112ರಲ್ಲೇ ಬಿಥೀನಿಯಾದ (ಈಗಿನ ಟರ್ಕಿಯ ಉತ್ತರ ಭಾಗ) ರಾಜ್ಯಪಾಲ ಪ್ಲಿನಿ, ಇವರು ಪಟ್ಟಣಕ್ಕಷ್ಟೇ ಅಲ್ಲ, ಹಳ್ಳಿಹಳ್ಳಿಗೂ ಹಬ್ಬಿದ್ದಾರೆ ಅಂತ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದಿದ್ದ. ಯೂಫ್ರೆಟಿಸ್ ದಂಡೆಯ ದೂರಾ ಯೂರೋಪೋಸ್‌ನಲ್ಲಿ, ಒಂದು ಮಾಮೂಲಿ ಮನೆಯನ್ನೇ ಒಡೆದು ಕಟ್ಟಿ ಪ್ರಾರ್ಥನಾ ಸ್ಥಳ ಮಾಡಿಕೊಂಡಿದ್ದ ಜಾಗ ಸಿಕ್ಕಿದೆ. ಅದು ಮೂರನೇ ಶತಮಾನದ ನಡುವಿನದು. 303ರಿಂದ ರೋಮಿನ ಆಳುವವರು ಚರ್ಚು ಕೆಡವಿ, ಗ್ರಂಥ ಸುಟ್ಟು, ಜನರನ್ನು ಕೊಂದ ಮೇಲೆ, ಆ ಹಿಂಸೆಯಲ್ಲಿ ಮುಂದೆ ನಿಂತಿದ್ದ ಚಕ್ರವರ್ತಿ ಗಲೇರಿಯಸ್‌ನೇ 311ರಲ್ಲಿ ಕಾಯಿಲೆ ಬಿದ್ದಾಗ ಆಜ್ಞೆ ವಾಪಸ್ ತಗೊಂಡ. ನನಗಾಗಿ, ರಾಜ್ಯಕ್ಕಾಗಿ ನಿಮ್ಮ ದೇವರನ್ನು ಪ್ರಾರ್ಥಿಸಿ ಅಂತ ಕ್ರೈಸ್ತರನ್ನೇ ಕೇಳಿಕೊಂಡ. ಅಧಿಕಾರ ಸೋತು ಒಪ್ಪಿಕೊಂಡ ಈ ಘಳಿಗೆ ನಿನ್ನ ಬರಹದಲ್ಲಿ ಇಲ್ಲವೇ ಇಲ್ಲ. ದಯವಿಟ್ಟು ಸೇರಿಸು.

ಆದರೆ ನೀನು ನಿಜವಾಗಿ ಕೂತು ಬರೆಯಬೇಕಾದ್ದು ಉತ್ತರ ಆಫ್ರಿಕಾದ ಕಾರ್ಥೇಜ್ ಬಗ್ಗೆ. ಅಲ್ಲಿ ಕೇಸಿಲಿಯನ್ ಅನ್ನೋನು ಬಿಷಪ್ ಆದ. ಅವನಿಗೆ ದೀಕ್ಷೆ ಕೊಟ್ಟವರಲ್ಲಿ ಒಬ್ಬ, ಹಿಂಸೆಯ ಕಾಲದಲ್ಲಿ ಪವಿತ್ರ ಗ್ರಂಥವನ್ನು ಅಧಿಕಾರಿಗಳ ಕೈಗೆ ಕೊಟ್ಟಿದ್ದ, ಹಾಗಾಗಿ ಈ ದೀಕ್ಷೆ ನಡೆಯಲ್ಲ ಅಂತ ವಿರೋಧಿಗಳು ಪಟ್ಟು ಹಿಡಿದರು. ಊರಿನ ಸಭೆಯೊಳಗಿನ ಜಗಳ ಇದು, ಅಣ್ಣಂದಿರು, ತಂದೆಯರು ಹಿಂಸೆಯಲ್ಲಿ ಸತ್ತ ಮನೆಗಳ ಸಿಟ್ಟು ಅದರೊಳಗಿತ್ತು. ಅಷ್ಟರಲ್ಲಿ ಕಾನ್‌ಸ್ಟಂಟೈನ್‌ನ ಪತ್ರಗಳು ಬಂದವು. ಒಂದರಲ್ಲಿ ಕೇಸಿಲಿಯನ್‌ಗೆ 3,000 ಫೋಲಿಸ್ (ಆಗಿನ ರೋಮಿನ ನಾಣ್ಯದ ಲೆಕ್ಕ) ಹಣ, ಸಾಲದಿದ್ದರೆ ಅರಮನೆಯ ಜಮೀನು ನೋಡಿಕೊಳ್ಳುವ ಅಧಿಕಾರಿಯನ್ನು ಕೇಳು ಅನ್ನೋ ಮಾತು. ಇನ್ನೊಂದರಲ್ಲಿ, ಕೇಸಿಲಿಯನ್ ಕಡೆಯ ಪಾದ್ರಿಗಳಿಗೆ ಊರಿನ ಕಡ್ಡಾಯ ಸೇವೆಗಳಿಂದ ವಿನಾಯ್ತಿ. ಆ ಸೇವೆ ಅಂದರೆ ಸುಮ್ನೆ ಅಲ್ಲ, ಊರಿನ ದೊಡ್ಡವರು ಕೈಯಿಂದ ದುಡ್ಡು ಹಾಕಿ ಮಾಡಬೇಕಿದ್ದ ಕೆಲಸ, ಮನೆ ಮುಳುಗಿಸುವಂಥದ್ದು. ವಿನಾಯ್ತಿಯ ಆಸೆಗೆ ಎಷ್ಟು ಜನ ಪಾದ್ರಿಗಳಾಗಲು ನುಗ್ಗಿದರು ಅಂದರೆ, ಸ್ವಲ್ಪ ಕಾಲದಲ್ಲೇ ಹಣವಂತರು ಪಾದ್ರಿಯಾಗುವಂತಿಲ್ಲ ಅಂತ ಅದೇ ಚಕ್ರವರ್ತಿ ಕಾನೂನು ಮಾಡಬೇಕಾಯಿತು.

ಈಗ ಯೋಚನೆ ಮಾಡು. ಇಬ್ಬರೂ ನಾವೇ ನಿಜವಾದ ಸಭೆ ಅಂತಾರೆ, ದುಡ್ಡು ಮತ್ತು ವಿನಾಯ್ತಿ ಒಬ್ಬರಿಗೇ. ಹಾಗಾದರೆ ಯಾರು ನಿಜ ಅಂತ ತೀರ್ಮಾನ ಮಾಡೋರು ಯಾರು? 313ರಲ್ಲಿ ವಿರೋಧಿಗಳೇ ಚಕ್ರವರ್ತಿಗೆ ಅರ್ಜಿ ಹಾಕಿದರು, ನ್ಯಾಯ ಹೇಳಿ ಅಂತ. ಅಧಿಕಾರ ಬಾಗಿಲು ಒಡೆದು ಬರಲಿಲ್ಲ ತಂಗಿ, ಒಳಗಿದ್ದವರೇ ಕರೆದರು. ರೋಮಿನಲ್ಲಿ ವಿಚಾರಣೆ, 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್‌ನಲ್ಲಿ ಬಿಷಪ್‌ಗಳ ಸಭೆ, ಆಮೇಲೆ ಚಕ್ರವರ್ತಿಯದೇ ತೀರ್ಪು, ಎಲ್ಲವೂ ಕೇಸಿಲಿಯನ್ ಪರ. ಒಪ್ಪದವರ ಚರ್ಚುಗಳ ಜಪ್ತಿಗೆ ಸೈನಿಕರು ಬಂದರು. 321ರಲ್ಲಿ ಕಾನ್‌ಸ್ಟಂಟೈನ್ ಕೈಚೆಲ್ಲಿದ. ಮುಂದೆ ಅವನ ಮಗನ ಕಾಲದಲ್ಲಿ ಅಧಿಕಾರಿಗಳು ಕಾಣಿಕೆ ಹೊತ್ತು ಬಂದಾಗ, ಆ ಪಂಗಡದ ಮುಖಂಡ ಡೊನಾಟಸ್ ಕೇಳಿದ್ದು, ಚಕ್ರವರ್ತಿಗೂ ಸಭೆಗೂ ಏನು ಸಂಬಂಧ ಅಂತ. ಅರ್ಜಿ ಹಾಕಿದ ಪಂಗಡದ ಬಾಯಲ್ಲೇ ಈ ಪ್ರಶ್ನೆ! ಇದನ್ನು ಬರೆಯುವಾಗ ಅವರನ್ನು ಅವಕಾಶವಾದಿಗಳು ಅಂತ ಹಂಗಿಸಬೇಡ. ಸೋತವರ ನೋವು ನಿಜವಾದದ್ದು, ಅವರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಹೆಚ್ಚಿನದನ್ನು ಬರೆದವರು ಅವರ ಎದುರಾಳಿಗಳು.

ಕ್ರಿಸ್ತನ ಬಗೆಗಿನ ನಂಬಿಕೆ ತೀರ್ಮಾನಿಸಲು ಬಿಷಪ್‌ಗಳು ಸೇರಿದ ನೈಸೀಯಾದ 325ರ ಸಭೆಗೆ ನೀನು ಎರಡು ಪುಟ ಕೊಟ್ಟಿದ್ದೀಯ, ಅರ್ಧ ಸಾಕು. ಬಿಷಪ್‌ಗಳು ಬಂದದ್ದು ಸರ್ಕಾರಿ ಗಾಡಿಗಳಲ್ಲಿ, ಸಭೆಯ ತೀರ್ಮಾನ ಒಪ್ಪದವರನ್ನು ಗಡಿಪಾರು ಮಾಡಿದ್ದು ಚಕ್ರವರ್ತಿ. ಅರಮನೆಯ ಮನಸ್ಸು ತಿರುಗಿದಂತೆಲ್ಲಾ ಗಡಿಪಾರಾಗುವವರೂ ಬದಲಾದರು, ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಒಬ್ಬನೇ ಐದು ಸಲ ಊರು ಬಿಡಬೇಕಾಯಿತು. ಇಷ್ಟು ಹೇಳಿ ಮುಂದೆ ಹೋಗು.

ಮುಂದೆ ಅಂದರೆ 385ರ ಸುಮಾರಿಗೆ, ಈಗಿನ ಜರ್ಮನಿಯ ಟ್ರಿಯರ್‌ಗೆ. ತಪ್ಪು ಬೋಧನೆಯ ಆರೋಪ ಹೊತ್ತ ಸ್ಪೇನಿನ ಬಿಷಪ್ ಪ್ರಿಸಿಲಿಯನ್‌ನ ತಲೆ ಕಡಿಸಿದ್ದು ಕ್ರೈಸ್ತ ಚಕ್ರವರ್ತಿ ಮ್ಯಾಗ್ನಸ್ ಮ್ಯಾಕ್ಸಿಮಸ್, ದೂರು ಕೊಟ್ಟವರು ಬಿಷಪ್‌ಗಳು. ಇವನನ್ನು ಕೊಲ್ಲಬೇಡಿ ಅಂತ ಟೂರ್ಸ್‌ನ ಬಿಷಪ್ ಮಾರ್ಟಿನ್ ಅರಮನೆಗೇ ಹೋಗಿ ಬೇಡಿಕೊಂಡ. ಮಾರ್ಟಿನ್‌ನನ್ನು ಬಿಡಬೇಡ. ಅವನಿಲ್ಲದೆ ಬರೆದರೆ ಇಡೀ ಸಭೆಯೇ ಅಧಿಕಾರಕ್ಕೆ ಮಾರಿಹೋಯಿತು ಅಂತಾಗುತ್ತದೆ, ಅದು ಸುಳ್ಳು.

ಕೊನೆಗೆ ರೋಮಿನ ಗಡಿ ದಾಟು. ರೋಮ್ ಕ್ರೈಸ್ತರ ಕಡೆ ವಾಲಿದ ಮೇಲೆ ಪರ್ಷಿಯಾದ ಕ್ರೈಸ್ತರು ಶತ್ರುವಿನ ಕಡೆಯವರಂತೆ ಕಂಡರು, ಅಲ್ಲಿನ ದೊರೆ ಎರಡನೇ ಶಾಪುರ್ ಕಾಲದಲ್ಲಿ ಭಾರೀ ಹಿಂಸೆ ಅನುಭವಿಸಿದರು. 410ರಲ್ಲಿ ಅವರ ಬಿಷಪ್‌ಗಳು ಸಭೆ ಸೇರಿದ್ದೂ ಪರ್ಷಿಯಾದ ದೊರೆಯ ಆಶ್ರಯದಲ್ಲೇ. ನಮ್ಮ ಪಶ್ಚಿಮ ಕರಾವಳಿಗೆ ಬಿಷಪ್‌ಗಳು ಬಂದದ್ದು ಈ ಕಡೆಯಿಂದ, ರೋಮಿನಿಂದಲ್ಲ. ಆರನೇ ಶತಮಾನದ ವ್ಯಾಪಾರಿ ಕಾಸ್ಮಾಸ್, ಮೆಣಸು ಬೆಳೆಯುವ ಮಲೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನದಲ್ಲಿ ಪರ್ಷಿಯಾದಲ್ಲಿ ದೀಕ್ಷೆ ಪಡೆದ ಬಿಷಪ್ ಇದ್ದಾನೆ ಅಂತ ಬರೆದಿದ್ದಾನೆ. ಆ ಕಲ್ಲಿಯಾನ ಮುಂಬೈ ಹತ್ತಿರದ ಕಲ್ಯಾಣ್ ಅನ್ನೋರಿದ್ದಾರೆ, ಉಡುಪಿ ಹತ್ತಿರದ ಕಲ್ಯಾಣಪುರ ಅನ್ನೋರೂ ಇದ್ದಾರೆ. ನಮ್ಮೂರು ಅನ್ನೋ ಪ್ರೀತಿಗೆ ಒಂದನ್ನೇ ಆರಿಸಬೇಡ, ಎರಡನ್ನೂ ಹೇಳು.

ಕಾರ್ಥೇಜಿನ ಭಾಗ ಮೊದಲು ಬರೆದು ಕಳಿಸು. ಉಳಿದದ್ದಕ್ಕೆ ಅವಸರ ಇಲ್ಲ.

ನಿನ್ನ ಅಕ್ಕ