ಉಳಿದ ಮಾತ್ರೆ ನುಂಗುವ ಮುನ್ನ ಪರೀಕ್ಷೆಗೆ ರಕ್ತ ಕೊಡು

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಪ್ರೆಪ್, ಎಂದರೆ ಎಚ್‌ಐವಿ ತಗಲದಂತೆ ಮುಂಚೆಯೇ ನುಂಗುವ ಮಾತ್ರೆ, ಕಿಡ್ನಿಗೆ ಏನು ಮಾಡುತ್ತದೋ ಎಂದು ಪುಟಗಟ್ಟಲೆ ಬರೆದಿದ್ದೀಯ. ಅದಕ್ಕೆ ಉತ್ತರ ಇದೆ, ಮುಂದೆ ಬರೆಯುತ್ತೇನೆ. ಆದರೆ ಕಾಗದದ ಕೊನೆಯಲ್ಲಿ ಹೋಗಲಿ ಎಂಬಂತೆ ಒಂದು ಸಾಲು ಗೀಚಿದ್ದೀಯಲ್ಲ, "ನಡುವೆ ಐದಾರು ವಾರ ಪ್ರೆಪ್ ಬಿಟ್ಟಿದ್ದೆ, ಒಂದು ಜ್ವರ ಬಂದು ಹೋಯಿತು, ಈಗ ಬಾಟಲಿಯಲ್ಲಿ ಉಳಿದದ್ದನ್ನೇ ಮತ್ತೆ ಶುರು ಮಾಡಿದ್ದೇನೆ" ಎಂದು, ನನ್ನ ಜೀವ ಅಲ್ಲೇ ಸಿಕ್ಕಿಕೊಂಡಿದೆ. ಬಿಟ್ಟದ್ದಕ್ಕೆ ಬೈಯುತ್ತಿಲ್ಲ ಕಣೋ. ಯಾರ ಸಂಗವೂ ಇಲ್ಲದ ದಿನಗಳಲ್ಲಿ ಪ್ರೆಪ್ ನಿಲ್ಲಿಸುವುದು, ಬೇಕಾದಾಗ ಮತ್ತೆ ಹಿಡಿಯುವುದು ತಪ್ಪೇನಲ್ಲ. ಜ್ವರಕ್ಕೂ ನೂರು ಕಾರಣ ಇರುತ್ತವೆ. ಆದರೆ ಬಿಟ್ಟ ವಾರಗಳಲ್ಲಿ ಕಾಂಡೋಮ್ ಇಲ್ಲದೆ ಸೇರಿದ್ದುಂಟು ಎಂದು ಅದೇ ಕಾಗದದಲ್ಲಿ ಬರೆದಿದ್ದೀಯ. ಮತ್ತೆ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿದೆ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಎರಡೆರಡು ಸಲ ಹುಡುಕಿದೆ.

ಇದರಿಂದ ಏನಾಗಬಹುದು ಎಂದು ಹೇಳುತ್ತೇನೆ. ನಿನ್ನ ಮಾತ್ರೆಯಲ್ಲಿರುವುದು ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಫ್ಯುಮರೇಟ್ 300 ಮಿ.ಗ್ರಾಂ ಮತ್ತು ಎಮ್‌ಟ್ರಿಸಿಟಬಿನ್ 200 ಮಿ.ಗ್ರಾಂ. ಎಚ್‌ಐವಿ ನಮ್ಮ ಜೀವಕೋಶದೊಳಗೆ ಬಂದ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡಿಕೊಳ್ಳಬೇಕು. ಆ ನಕಲನ್ನು ಅರ್ಧಕ್ಕೇ ತುಂಡರಿಸುವುದು ಈ ಎರಡರ ಕೆಲಸ. ಹೊರಗಿನಿಂದ ಬಂದ ಅಲ್ಪಸ್ವಲ್ಪ ವೈರಸ್ ನೆಲೆಯೂರದಂತೆ ನೋಡಿಕೊಳ್ಳಲು ಅಷ್ಟು ಸಾಕು. ಸೋಂಕು ಆಗಲೇ ಬೇರುಬಿಟ್ಟಿದ್ದರೆ ಸಾಲದು. ಆಗ ಮೈಯಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಸ್ ಹುಟ್ಟುತ್ತಿರುತ್ತವೆ, ನಕಲಿನಲ್ಲಿ ತಪ್ಪುಗಳೂ ಆಗುತ್ತಿರುತ್ತವೆ. ಆ ತಪ್ಪುಗಳಲ್ಲಿ ಯಾವುದೋ ಒಂದಕ್ಕೆ ಎಮ್‌ಟ್ರಿಸಿಟಬಿನ್ ನಾಟುವುದಿಲ್ಲ. ಎಂ184ವಿ ಎಂದು ವೈದ್ಯರು ಕರೆಯುವ ಬದಲಾವಣೆ ಅದು. ನೀನು ಪ್ರತಿದಿನ ನುಂಗುವ ಮಾತ್ರೆ ಉಳಿದವನ್ನು ಅದುಮಿ ಇದನ್ನು ಮಾತ್ರ ಬೆಳೆಯಲು ಬಿಡುತ್ತದೆ. ತಡೆಯಲೆಂದು ತೆಗೆದುಕೊಂಡ ಔಷಧಿಯೇ ಮುಂದಿನ ಚಿಕಿತ್ಸೆಯ ದಾರಿಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ.

ಪ್ರೆಪ್ ಕೆಲಸ ಮಾಡುತ್ತದೆ ಎಂದು ಮೊದಲು ತೋರಿಸಿದ ಐಪ್ರೆಕ್ಸ್ ಅಧ್ಯಯನದಲ್ಲಿಯೇ, 2010ರಲ್ಲಿ, ಇದು ಕಂಡಿತ್ತು. ಔಷಧಿಗೆ ಬಗ್ಗದ ವೈರಸ್ ಸಿಕ್ಕಿದ್ದು ಬೆರಳೆಣಿಕೆಯ ಜನರಲ್ಲಿ. ಅವರು ಸೇರುವ ಹೊತ್ತಿಗೇ ಸೋಂಕಿತರಾಗಿದ್ದವರು, ಆ ದಿನದ ಪರೀಕ್ಷೆಯಲ್ಲಿ ಇನ್ನೂ ಕಾಣಿಸದಿದ್ದವರು. ನಿನ್ನ ಆ ಸಾಲು ಓದಿದಾಗ ನೆನಪಾದದ್ದು ಅವರೇ.

ಜ್ವರದ ಮಾತಿಗೆ ಬರುತ್ತೇನೆ. ಹೊಸ ಎಚ್‌ಐವಿ ಸೋಂಕಿನ ಜ್ವರ ಸಾಮಾನ್ಯವಾಗಿ ಸೋಂಕು ತಗಲಿದ ಎರಡರಿಂದ ನಾಲ್ಕು ವಾರದೊಳಗೆ ಬರುತ್ತದೆ. ಗಂಟಲು ನೋವು, ಕುತ್ತಿಗೆ ಕಂಕುಳಲ್ಲಿ ಗಂಟು, ಎದೆ ಬೆನ್ನಿನ ಮೇಲೆ ಕೆಂಪು ಗುಳ್ಳೆ, ಮೈಕೈ ನೋವು ಜೊತೆಗಿರಬಹುದು. ಏನೂ ಇಲ್ಲದೆಯೂ ಇರಬಹುದು. ಫ್ಲೂ ಎಂದುಕೊಂಡು ಎಲ್ಲರೂ ಸುಮ್ಮನಾಗುವುದು ಇಲ್ಲೇ. ನಿನ್ನದು ಬರೀ ಫ್ಲೂ ಆಗಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಮನಸ್ಸಾರೆ ಹೇಳುತ್ತೇನೆ. ಆದರೆ ಊಹೆಯ ಮೇಲೆ ಮಾತ್ರೆ ನುಂಗಬಾರದು.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮ ಇದೆ. ಬೆರಳು ಚುಚ್ಚಿ ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಸೋಂಕಿನ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯವನ್ನು ಮಾತ್ರ ಹುಡುಕುತ್ತದೆ. ಅದು ಕಾಣಿಸಿಕೊಳ್ಳಲು 23ರಿಂದ 90 ದಿನ ಹಿಡಿಯುತ್ತದೆ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ವೈರಸ್ಸಿನ ಭಾಗ (ಆ್ಯಂಟಿಜೆನ್) ಮತ್ತು ಪ್ರತಿಕಾಯ (ಆ್ಯಂಟಿಬಾಡಿ) ಎರಡನ್ನೂ ಹುಡುಕುವ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 18ರಿಂದ 45 ದಿನ. ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಪರೀಕ್ಷೆಗೆ 10ರಿಂದ 33 ದಿನ. ಈಗ ನೀನು ಮಾತ್ರೆ ಬೇರೆ ಶುರು ಮಾಡಿದ್ದೀಯ. ಸೋಂಕು ಇದ್ದರೆ ಈ ಔಷಧಿ ವೈರಸ್ಸನ್ನು ಅರ್ಧಂಬರ್ಧ ಅದುಮಿಡುತ್ತದೆ, ಪ್ರತಿಕಾಯ ಏಳುವುದೂ ತಡವಾಗುತ್ತದೆ, ಕಿಟ್ ನೆಗೆಟಿವ್ ತೋರಿಸಿ ಸಮಾಧಾನ ಮಾಡಿ ಕಳಿಸಿಬಿಡುತ್ತದೆ. ಹಾಗಾಗಿ ಕಿಟ್ ಬೇಡ. ಕಳೆದ ಮೂರು ತಿಂಗಳಲ್ಲಿ ಪ್ರೆಪ್ ನುಂಗಿದವರಿಗೆ ಲ್ಯಾಬಿನ ಆ ನಾಲ್ಕನೇ ತಲೆಮಾರಿನ ಪರೀಕ್ಷೆ, ಜೊತೆಗೆ ಆರ್‌ಎನ್‌ಎ, ಎರಡೂ ಬೇಕು. ದುಬಾರಿಯಾದರೂ ಕೇಳಿ ಮಾಡಿಸು.

ನಿನ್ನ ವಯಸ್ಸಿನವರಿಗೆ ಇದೆಲ್ಲ ಅತಿಯಾಯಿತು ಎನಿಸಬಹುದು. ನಮ್ಮ ವಾರಿಗೆಯವರು ಬೇರೆ ಕಾಲ ಕಂಡವರು. 1987ರಲ್ಲಿ ಎಝಡ್‌ಟಿ ಎಂಬ ಒಂದೇ ಒಂದು ಔಷಧಿ ಬಂತು. ಕೆಲವು ತಿಂಗಳು ಚೇತರಿಕೆ, ಆಮೇಲೆ ವೈರಸ್ ಅದನ್ನು ದಾಟಿಹೋಗುತ್ತಿತ್ತು. ಎರಡು ಔಷಧಿ ಸೇರಿಸಿ ಕೊಟ್ಟರು, ಅದನ್ನೂ ದಾಟಿತು. 1996ರಲ್ಲಿ ಮೂರು ಔಷಧಿಗಳ ಚಿಕಿತ್ಸೆ ಬಂದಾಗ ಹೊಸಬರು ಎದ್ದು ನಡೆದಾಡಿದರು. ಒಂದೊಂದೇ ಔಷಧಿ ನುಂಗುತ್ತಾ ಬಂದಿದ್ದ ಹಳಬರಲ್ಲಿ ಎಷ್ಟೋ ಜನರಿಗೆ ಆ ಮೂರರಲ್ಲಿ ಒಂದೆರಡು ಆಗಲೇ ಕೆಲಸಕ್ಕೆ ಬಾರದಂತಾಗಿತ್ತು. ಅವರು ಸೋತದ್ದು ಅಜಾಗ್ರತೆಯಿಂದಲ್ಲ, ಆ ಹೊತ್ತಿಗೆ ಇದ್ದದ್ದೇ ಅಷ್ಟು. ಅವರ ಕೈಗೆ ಆ ಮೂರು ಔಷಧಿ ಒಟ್ಟಿಗೆ ಕೆಲವೇ ವರ್ಷ ಮೊದಲು ಸಿಕ್ಕಿದ್ದರೆ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ. ಪ್ರೆಪ್ ಮಾತ್ರೆಗಂತೂ ಮೊದಲ ಅನುಮತಿ ಸಿಕ್ಕಿದ್ದೇ 2012ರಲ್ಲಿ. ಎರಡು ಔಷಧಿ ಎದುರಿಗೆ ಬೇರೂರಿದ ಸೋಂಕು ಎಂದರೆ ನನಗೆ ಆ ವರ್ಷಗಳೇ ಕಣ್ಣಿಗೆ ಕಟ್ಟುತ್ತವೆ, ಅದಕ್ಕೇ ಇಷ್ಟು ಪೀಡಿಸುತ್ತಿದ್ದೇನೆ.

ಕಿಡ್ನಿಯ ವಿಚಾರ ಮರೆತಿಲ್ಲ. ಟೆನೊಫೊವಿರ್ ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ, ಕಿಡ್ನಿ ಸೋಸಿ ಹಾಕುವ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಎಷ್ಟಿದೆ ಎಂದು ನೋಡುತ್ತಾರೆ. ಸೋಸುವ ಪ್ರಮಾಣ ನಿಮಿಷಕ್ಕೆ 60 ಮಿ.ಲೀ.ಗಿಂತ ಮೇಲಿದ್ದರೆ ಈ ಮಾತ್ರೆಗೆ ಅಡ್ಡಿಯಿಲ್ಲ. ಕೆಲವರಲ್ಲಿ ಸ್ವಲ್ಪ ಏರುಪೇರಾಗುತ್ತದೆ, ನಿಲ್ಲಿಸಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಐವತ್ತರೊಳಗಿನವರಿಗೆ, ಕಿಡ್ನಿ ಚೆನ್ನಾಗಿದ್ದರೆ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ನೀನು ಜಿಮ್ಮಿಗಾಗಿ ಕ್ರಿಯಾಟಿನ್ ಪುಡಿ ತಿನ್ನುತ್ತಿದ್ದರೆ ಕಿಡ್ನಿ ಸರಿಯಿದ್ದರೂ ಕ್ರಿಯಾಟಿನಿನ್ ಅಂಕಿ ಮೇಲೆ ಬರುತ್ತದೆ, ಡಾಕ್ಟರಿಗೆ ಮೊದಲೇ ಹೇಳು. ಡೈಕ್ಲೊಫೆನ್ಯಾಕ್‌ನಂಥ ನೋವಿನ ಮಾತ್ರೆಯನ್ನು ದಿನಗಟ್ಟಲೆ ನುಂಗುವುದು ಇದಕ್ಕಿಂತ ಹೆಚ್ಚು ಅಪಾಯ. ಮೊದಲ ವಾರಗಳ ವಾಕರಿಕೆ, ತಲೆನೋವು ತಾನಾಗಿಯೇ ಇಳಿಯುತ್ತವೆ, ಊಟದ ಜೊತೆ ನುಂಗಿದರೆ ಹಗುರ. ಕುಡಿದ ದಿನ ಮಾತ್ರೆ ಬಿಡಬೇಕು ಎನ್ನುವುದು ಸುಳ್ಳು.

ನೀನು ಕೇಳದ ಒಂದನ್ನು ನಾನೇ ಕೇಳುತ್ತೇನೆ, ತಪ್ಪು ತಿಳಿಯಬೇಡ. ಮೊದಲ ಸಲ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿದ್ದರಾ? ಈ ಎರಡೂ ಔಷಧಿ ಆ ವೈರಸ್ಸನ್ನೂ ಅದುಮಿಡುತ್ತವೆ. ಅದು ಮೈಯಲ್ಲಿದ್ದು ಮಾತ್ರೆಯನ್ನು ದಿಢೀರನೆ ಬಿಟ್ಟರೆ ಲಿವರ್ ಕೆರಳಬಹುದು. ಬಿಟ್ಟ ವಾರಗಳಲ್ಲಿ ಕಣ್ಣು ಹಳದಿಯಾದದ್ದು, ಮೂತ್ರ ಕಪ್ಪಾದದ್ದು ಏನಾದರೂ ಇದ್ದರೆ ಮುಚ್ಚಿಡಬೇಡ. ನಾಳೆ ಅದೇ ರಕ್ತದಲ್ಲಿ ಇದನ್ನೂ ನೋಡಲಿ. ಇಲ್ಲ ಎಂದಾದರೆ ಲಸಿಕೆ ಹಾಕಿಸಿಕೋ.

ಆ ಬಾಟಲಿ ವಿಚಾರ ಮತ್ತೆ. ಮುಚ್ಚಳ ಸಡಿಲವಾಗಿ, ತೇವ ಹೀರುವ ಪೊಟ್ಟಣ ಎಲ್ಲೋ ಬಿದ್ದುಹೋಗಿ, ಬಿಸಿಲು ಬೀಳುವ ಕಡೆ ಕೂತಿದ್ದರೆ ಅವಧಿ ಮುಗಿಯದಿದ್ದರೂ ಅದನ್ನು ನಂಬಬೇಡ. ಆದರೆ ನನಗೆ ಬಾಟಲಿಗಿಂತ ದೊಡ್ಡ ಚಿಂತೆ ನಿನ್ನ ರಕ್ತದ್ದು. ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನೂ ನೀನೇ ತೀರ್ಮಾನಿಸಬೇಡ, ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳು. ಮಾತ್ರೆ ಇಲ್ಲದೆ, ಕಾಂಡೋಮ್ ಇಲ್ಲದೆ ಸೇರಿ ಇನ್ನೂ 72 ಗಂಟೆ ಆಗಿಲ್ಲದಿದ್ದರೆ ಆ ಮಾತನ್ನೇ ಮೊದಲು ಹೇಳು. ಆಗ ಬೇಕಾದದ್ದು ಪ್ರೆಪ್ ಅಲ್ಲ, ಸೇರಿದ ಮೇಲೆ ಸೋಂಕು ತಡೆಯಲು ನುಂಗುವ, ಮೂರು ಔಷಧಿಗಳ 28 ದಿನದ ಪೆಪ್. ಅದರಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ.

ಪರೀಕ್ಷೆ ಸರಿ ಬಂದು ಮತ್ತೆ ಶುರು ಮಾಡುವಾಗ ಡಾಕ್ಟರು ಹೇಳುತ್ತಾರೆ, ಆದರೂ ಬರೆದಿಡುತ್ತೇನೆ. ದಿನಕ್ಕೊಂದರಂತೆ ಶುರು ಮಾಡಿದರೆ ಗುದಮಾರ್ಗದ ಸಂಗಕ್ಕೆ ಪೂರ್ತಿ ರಕ್ಷಣೆ ಸಿಗಲು ಏಳು ದಿನ. ಯಾವಾಗಲೋ ಒಮ್ಮೆ ಮಾತ್ರ ಎನ್ನುವ ಗಂಡಸರಿಗೆ ಎರಡು ಒಂದು ಒಂದು ಎಂಬ ಕ್ರಮ ಇದೆ. ಶನಿವಾರ ರಾತ್ರಿ ಹತ್ತಕ್ಕೆ ಸೇರುವುದಿದ್ದರೆ ಶುಕ್ರವಾರ ರಾತ್ರಿ ಹತ್ತರಿಂದ ಶನಿವಾರ ರಾತ್ರಿ ಎಂಟರೊಳಗೆ ಎರಡು ಮಾತ್ರೆ ಒಟ್ಟಿಗೆ. ಸಂಜೆ ಆರಕ್ಕೆ ನುಂಗಿದೆ ಎಂದುಕೋ, ಭಾನುವಾರ ಸಂಜೆ ಆರಕ್ಕೆ ಒಂದು, ಸೋಮವಾರ ಸಂಜೆ ಆರಕ್ಕೆ ಒಂದು. ಭಾನುವಾರ ರಾತ್ರಿಯೂ ಸೇರಿದರೆ ಮಂಗಳವಾರದ್ದೂ ಬೇಕು, ಕೊನೆಯ ಸಲದ ನಂತರ ಎರಡು ದಿನ ನುಂಗಿಯೇ ನಿಲ್ಲಿಸುವುದು. ಜನ ಎಡವುವುದು ಈ ಕೊನೆಯ ಎರಡು ಮಾತ್ರೆಗಳಲ್ಲಿ. ಸೇರಿದ್ದು ಮುಗಿಯಿತಲ್ಲ ಎಂದು ಬಿಟ್ಟುಬಿಡುತ್ತಾರೆ. ಹೆಪಟೈಟಿಸ್ ಬಿ ಇರುವವರಿಗೆ ಈ ಕ್ರಮ ಬೇಡ. ಟೆನೊಫೊವಿರ್ ಅಲಾಫೆನಮೈಡ್ ಇರುವ ಇನ್ನೊಂದು ಮಾತ್ರೆಗೂ ಇದು ಹೊಂದುವುದಿಲ್ಲ, ಬಾಟಲಿಯ ಮೇಲೆ ಹೆಸರು ಓದಿ ನೋಡು.

ದಿನದ ಮಾತ್ರೆಯಲ್ಲಿ ಒಂದು ಮರೆತರೆ ನೆನಪಾದಾಗ ನುಂಗು, ಅದಕ್ಕಾಗಿ ಮರುದಿನ ಎರಡೆರಡು ಬೇಡ. ವಾರಕ್ಕೆ ನಾಲ್ಕು ಅಥವಾ ಹೆಚ್ಚು ನುಂಗಿದಷ್ಟು ಔಷಧಿ ರಕ್ತದಲ್ಲಿದ್ದ ಗಂಡಸರಲ್ಲಿ ಒಬ್ಬರಿಗೂ ಸೋಂಕಾಗಲಿಲ್ಲ ಎಂದು ಐಪ್ರೆಕ್ಸ್‌ನ ಮುಂದುವರಿದ ಅಧ್ಯಯನ 2014ರಲ್ಲಿ ಹೇಳಿತು. ಒಂದು ದಿನ ತಪ್ಪಿದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವ ಹುಡುಗ ನೀನು, ಐದಾರು ವಾರ ತಪ್ಪಿದ್ದನ್ನು ಒಂದು ಸಾಲಿನಲ್ಲಿ ದಾಟಿಸಿದ್ದೀಯ.

ಮಾತ್ರೆಯ ನೆನಪೇ ಹೊರೆ ಎನಿಸಿದರೆ ಎರಡು ತಿಂಗಳಿಗೊಮ್ಮೆ ಕ್ಯಾಬೊಟೆಗ್ರವಿರ್ ಚುಚ್ಚುಮದ್ದಿದೆ, 2025ರಲ್ಲಿ ಆರು ತಿಂಗಳಿಗೊಮ್ಮೆಯ ಲೆನಕಾಪವಿರ್‌ಗೂ ಅನುಮತಿ ಸಿಕ್ಕಿದೆ. ಅಲ್ಲೂ ನನ್ನ ಭಯ ಇದೇ. ಚುಚ್ಚುಮದ್ದು ಬಿಟ್ಟ ಮೇಲೆ ಔಷಧಿ ತಿಂಗಳುಗಟ್ಟಲೆ ಮೈಯಲ್ಲಿ ತೆಳ್ಳಗೆ ಉಳಿಯುತ್ತದೆ, ಆ ಹೊತ್ತಿನಲ್ಲಿ ಸೋಂಕು ಬಂದರೆ ವೈರಸ್ ಅದಕ್ಕೆ ಒಗ್ಗಿಕೊಳ್ಳಬಹುದು. ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕು ಎಂದಷ್ಟೇ ಹೇಳುವುದು. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾವನ್ನು ಇವು ಯಾವುವೂ ತಡೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ, ಗಂಟಲು, ಗುದದ ಮಾದರಿ ಕೊಡು.

ಪರೀಕ್ಷೆ ಮಾಡಿಸದೆ ಇದ್ದದ್ದು ಪಾಸಿಟಿವ್ ಬಂದರೆ ಏನು ಗತಿ ಎಂಬ ಹೆದರಿಕೆಗಾ? ಹಾಗಿದ್ದರೆ ಇದನ್ನು ಕೇಳು. ಒಬ್ಬರಿಗೆ ಎಚ್‌ಐವಿ ಇದ್ದು, ಚಿಕಿತ್ಸೆಯಿಂದ ವೈರಸ್ ಹತೋಟಿಯಲ್ಲಿದ್ದ 782 ಗಂಡು ಜೋಡಿಗಳನ್ನು ಪಾರ್ಟ್‌ನರ್ 2 ಅಧ್ಯಯನ ಗಮನಿಸಿ 2019ರಲ್ಲಿ ಪ್ರಕಟಿಸಿತು. ಕಾಂಡೋಮ್ ಇಲ್ಲದೆ ಸುಮಾರು 76,000 ಸಲ ಸೇರಿದ್ದರೂ ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಲಿಲ್ಲ. ಬೇಗ ತಿಳಿದವನಿಗೆ ಇವತ್ತು ತುಂಬು ಆಯುಷ್ಯ ಇದೆ, ಪ್ರೀತಿ ಇದೆ. ತಿಳಿಯದೆ ಎರಡು ಔಷಧಿ ನುಂಗುತ್ತಾ ಕೂರುವುದೊಂದೇ ಬೇಡ.

ಕ್ಲಿನಿಕ್ಕಿಗೆ ಹೋಗುವಾಗ ಮೂರು ತಾರೀಖು ಚೀಟಿಯಲ್ಲಿ ಬರೆದುಕೊಂಡು ಹೋಗು: ಮಾತ್ರೆ ಬಿಟ್ಟದ್ದು, ಕೊನೆಯ ಸಲ ಕಾಂಡೋಮ್ ಇಲ್ಲದೆ ಸೇರಿದ್ದು, ಮತ್ತೆ ಶುರು ಮಾಡಿದ್ದು. ಜ್ವರ ಯಾವಾಗ ಬಂತು ಎಂಬುದೂ ಇರಲಿ. ಮುಂದಿನ ಪರೀಕ್ಷೆ ಯಾವತ್ತು ಎಂದು ಕೇಳದೆ ಎದ್ದು ಬರಬೇಡ, ಈ ಸಲದ ನೆಗೆಟಿವ್ ಒಂದರಿಂದಲೇ ಮುಗಿಯುವುದಿಲ್ಲ. ರಕ್ತ ಕೊಟ್ಟ ತಕ್ಷಣ ಕೊಟ್ಟೆ ಎಂದು ಒಂದು ಮೆಸೇಜು ಹಾಕು. ಫಲಿತಾಂಶ ಬರುವ ತನಕ ನಾನೂ ನಿನ್ನ ಜೊತೆ ಕಾಯುತ್ತೇನೆ.

ಇಂತಿ ನಿನ್ನ
ಮಾವ